ದೂರದ ಸಂಬಂಧ

ಹತ್ತನೇ ತರಗತಿ ಮುಗಿದಿತ್ತು. ಮುಂದಿನ ಎರಡು ವರ್ಷಕ್ಕೆ ಯಾವ ಯಾವ ವಿಷಯ ಓದುವುದೆಂದು ಆರಿಸಿಕೊಳ್ಳಬೇಕಾದ ವಾರದಲ್ಲೇ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಗುಬ್ಬಿಯ ಅಕ್ಕ ತಾನೂ ಶಾಲೆಗೆ ವಾಪಸು ಹೋಗುತ್ತೇನೆ ಎಂದಳು.

ತಟ್ಟೆಯ ಮೇಲಿದ್ದ ಗುಬ್ಬಿಯ ಕೈ ಅಲ್ಲೇ ನಿಂತಿತು.

"ವಾಪಸು ಅಂದ್ರೆ? ಯಾವ ಶಾಲೆಗೆ?"

"ನಿನ್ನ ಶಾಲೆಗೇ ಕಣೇ. ನಂದೂ ಅದೇ ಅಲ್ವಾ? ಅರ್ಧಕ್ಕೆ ಬಿಟ್ಟವರು ಮತ್ತೆ ಸೇರ್ಕೋಬಹುದಂತೆ. ಆಗ ಪಾಸಾಗಿದ್ದ ಭಾಷೆಗಳ ಕ್ರೆಡಿಟ್ಟು ಹಾಗೇ ಇದೆಯಂತೆ. ಮಿಕ್ಕಿದ್ದು ಮುಗಿಸಿದ್ರೆ ಸಾಕು."

"ನಾನೇ ಹೋಗು ಅಂದೆ," ಎಂದಳು ಅಮ್ಮ. "ನನ್ನ ಪಾಳಿ ಮಧ್ಯಾಹ್ನಕ್ಕೆ ಬದಲಾಗಿದೆ. ಬೆಳಿಗ್ಗೆ ನಾನು ನೋಡ್ಕೋತೀನಿ. ಮಧ್ಯಾಹ್ನ ಇವಳು ಒಂದು ಗಳಿಗೆ ಬಂದು ಊಟ ಮಾಡಿಸಿ ಹೋಗ್ಲಿ. ಆಮೇಲೆ ಪಕ್ಕದ ಮನೆ ಅಜ್ಜಿ ಬಂದು ಕೂತಿರ್ತಾರೆ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಪ್ಪ, "ಆಯ್ತು," ಎಂದ.

ಅಪ್ಪನಿಗೆ ಉಳಿದಿದ್ದುದು ಆ ಒಂದೇ ಮಾತು. ಲಕ್ವ ಹೊಡೆಯುವ ಮೊದಲು ಅವನು ಊರಿನ ಬಸ್ ಓಡಿಸುತ್ತಿದ್ದ. 'ಚಾಲಕರೊಡನೆ ಮಾತಾಡಬೇಡಿ' ಎಂಬ ಹಲಗೆಯ ಕೆಳಗೇ ಕೂತು ಇಡೀ ಬಸ್ಸಿನ ಜೊತೆ ಮಾತಾಡುತ್ತಿದ್ದ ಬಾಯಿ ಅದು. ಒಂದು ಕಡೆಯ ಕೈಕಾಲು ಬಿದ್ದುಹೋದ ದಿನವೇ ಮಾತೂ ಹೋಯಿತು. ಹಸಿವಾದರೆ ಆಯ್ತು, ಸೆಕೆಯಾದರೆ ಆಯ್ತು, ಸಿಟ್ಟು ಬಂದರೆ ಅದೇ ಆಯ್ತು ಇನ್ನಷ್ಟು ಜೋರು. ಯಾವ ಆಯ್ತಿಗೆ ಏನರ್ಥ ಎಂದು ಸರಿಯಾಗಿ ತಿಳಿಯುತ್ತಿದ್ದುದು ಅಕ್ಕನಿಗೆ ಮಾತ್ರ. ಆಗ ಅವಳು ಗುಬ್ಬಿಯ ಈಗಿನ ವಯಸ್ಸಿನವಳು. ಸಂಬಳ ನಿಂತ ಮನೆಗೆ ಯಾರಾದರೂ ದುಡಿಯಬೇಕಿತ್ತು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು; ಅಕ್ಕ ಶಾಲೆ ಬಿಟ್ಟು ಅಪ್ಪನ ಪಕ್ಕಕ್ಕೆ ಬಂದಳು. ಯಾರೂ ಅವಳನ್ನು ಬಿಡು ಎನ್ನಲಿಲ್ಲ. ಒಂದು ಬೆಳಿಗ್ಗೆ ಅವಳು ಸಮವಸ್ತ್ರ ಹಾಕಿಕೊಳ್ಳಲಿಲ್ಲ, ಅಷ್ಟೇ.

"ಒಳ್ಳೇದಾಯ್ತಲ್ಲಕ್ಕಾ," ಎಂದಳು ಗುಬ್ಬಿ.

ಅವಳಿಗೆ ಅಕ್ಕನೆಂದರೆ ಪ್ರಾಣ. ಅದು ಸುಳ್ಳಲ್ಲ. ಆದರೆ ಮನೆಯ ಅಕ್ಕ ಬೇರೆ, ಶಾಲೆಯ ಬೆಂಚಿನ ಮೇಲಿನ ಅಕ್ಕ ಬೇರೆ. ಶಾಲೆಯಲ್ಲಿ ಗುಬ್ಬಿ ಅಪ್ಪನ ವಿಷಯ ಯಾರ ಹತ್ತಿರವೂ ಆಡಿರಲಿಲ್ಲ. ಮನೆಯ ಔಷಧಿ ವಾಸನೆ, ಮಂಚದ ಕೆಳಗಿನ ಬೇಸಿನ್ನು, ಗಾಳಿಗೆ ಒಣಗದೆ ನೇತಾಡುವ ಹಾಸುಬಟ್ಟೆಗಳು, ಇವೆಲ್ಲ ಬೀದಿಯ ತಿರುವಿನಲ್ಲೇ ನಿಂತುಬಿಡುತ್ತಿದ್ದವು. ಗೇಟು ದಾಟಿದ ಮೇಲೆ ಅವಳು ಎಲ್ಲರಂಥ ಹುಡುಗಿ. ಈಗ ಆ ಮನೆಯೇ ಸಮವಸ್ತ್ರ ತೊಟ್ಟು ತನ್ನ ಹಿಂದೆ ಶಾಲೆಗೆ ಬರುತ್ತಿದೆ ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು.

*

ವಿಷಯ ಆರಿಸಿಕೊಳ್ಳುವ ದಿನ ಶಾಲೆಯ ದೊಡ್ಡ ಹಾಲಿನಲ್ಲಿ ಗೋಡೆಯುದ್ದಕ್ಕೂ ಮೇಜು ಹಾಕಿದ್ದರು. ಒಂದೊಂದು ವಿಷಯಕ್ಕೆ ಒಂದೊಂದು ಮೇಜು, ಮೇಜಿನ ಹಿಂದೆ ಆ ವಿಷಯದ ಮೇಷ್ಟ್ರು. ಗಣಿತದ ಮುಂದೆ ನೂಕುನುಗ್ಗಲು, ಇತಿಹಾಸದ ಮೇಷ್ಟ್ರು ಒಬ್ಬರೇ ಕೂತು ಉಗುರು ನೋಡಿಕೊಳ್ಳುತ್ತಿದ್ದರು. ನಡುವೆ ನಿಂತು ಕೌನ್ಸೆಲಿಂಗ್ ಮೇಡಂ ಮೈಕಿನಲ್ಲಿ ಹೇಳುತ್ತಿದ್ದರು:

"ಮಾರ್ಕ್ಸ್ ಬೇರೆ, ಕ್ರೆಡಿಟ್ ಬೇರೆ, ಕೇಳಿಸ್ಕೊಳ್ಳಿ. ಕ್ಲಾಸಿಗೆ ಬರಬೇಕು, ಪಾಸೂ ಆಗ್ಬೇಕು, ಆಗ ಕ್ರೆಡಿಟ್. ಕ್ರೆಡಿಟ್ ತುಂಬಿದ್ರೆ ಸರ್ಟಿಫಿಕೇಟ್. ಗೆಳತಿ ತಗೊಂಡ್ಲು ಅಂತ ಯಾವುದನ್ನೂ ತಗೋಬೇಡಿ. ಬದಲಾಯಿಸೋದಿದ್ರೆ ಮೊದಲ ತಿಂಗಳಲ್ಲೇ ಬದಲಾಯಿಸಿ. ಆಮೇಲೆ ಬಂದು ನನ್ನ ಮುಂದೆ ಅಳಬೇಡಿ, ನನಗೂ ಅಳು ಬರುತ್ತೆ."

ಎಲ್ಲರೂ ನಕ್ಕರು. ಗುಬ್ಬಿಯೂ ನಕ್ಕಳು. ಅವಳಿಗೆ ಯೋಚಿಸುವುದೇನೂ ಇರಲಿಲ್ಲ. ಹಿಂದಿನ ವರ್ಷ ಲ್ಯಾಬಿನಲ್ಲಿ ಈರುಳ್ಳಿಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ ದಿನವೇ ಅವಳ ತೀರ್ಮಾನ ಆಗಿಹೋಗಿತ್ತು. ಇಟ್ಟಿಗೆ ಗೋಡೆಯ ಹಾಗೆ ಸಾಲುಸಾಲು ಕೋಶಗಳು. ಕಣ್ಣು ತೆಗೆಯಲು ಮನಸ್ಸಿಲ್ಲದೆ ಹಿಂದೆ ನಿಂತವರಿಂದ ಬೈಸಿಕೊಂಡಿದ್ದಳು. ಅವಳು ಬರೆದ ಚಿತ್ರವನ್ನು ಜೀವಶಾಸ್ತ್ರದ ಮೇಷ್ಟ್ರು ಪಕ್ಕದ ತರಗತಿಗೂ ಒಯ್ದು ತೋರಿಸಿದ್ದರು.

ಅವಳು ಆ ಮೇಜಿನ ಕಡೆ ತಿರುಗಿದಳು. ಸಾಲಿನ ಮುಂದೆಯೇ ಅಕ್ಕ ನಿಂತಿದ್ದಳು.

ಅಮ್ಮ ಹಳೆಯ ಸಮವಸ್ತ್ರದ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟಿದ್ದಳು. ಬಿಚ್ಚಿದ ಕಡೆ ಬಟ್ಟೆಯ ಬಣ್ಣ ಗಾಢವಾಗಿ ಎರಡು ಪಟ್ಟಿ ಎದ್ದು ಕಾಣುತ್ತಿತ್ತು. ಸುತ್ತಲಿನ ಹುಡುಗಿಯರಿಗಿಂತ ಒಂದು ತಲೆ ಎತ್ತರ, ಅಪ್ಪನನ್ನು ಎತ್ತಿ ಎತ್ತಿ ಅಗಲವಾದ ಹೆಗಲು. ಕುತ್ತಿಗೆ ಉದ್ದ ಮಾಡಿ ಅವಳು ಯಾರನ್ನೋ ಹುಡುಕುತ್ತಿದ್ದಳು. ಗುಬ್ಬಿಯನ್ನು ಕಂಡದ್ದೇ ಮುಖ ಅರಳಿತು.

"ಗುಬ್ಬೀ! ಬಾ ಬಾ, ನಿಂಗೂ ಜಾಗ ಹಿಡಿದಿದೀನಿ!"

ಹಾಲಿಗೆ ಹಾಲೇ ತಿರುಗಿ ನೋಡಿತು. ಗುಬ್ಬಿಯ ಪಕ್ಕದಲ್ಲಿದ್ದವಳು ಅವಳ ಗೆಳತಿ. ನಾಲಗೆಯ ಖಾರಕ್ಕೆ ಎಲ್ಲರೂ ಅವಳನ್ನು ಮೆಣಸಿನಕಾಯಿ ಎನ್ನುತ್ತಿದ್ದರು. ಅವಳು ಹುಬ್ಬೇರಿಸಿ, "ಏನೇ ಇದು, ನಿಮ್ಮಮ್ಮನೂ ಅಡ್ಮಿಷನ್ ಮಾಡಿಸಿದಾರಾ?" ಎಂದಳು. ಕೇಳಿದವರು ಕಿಸಕ್ಕೆಂದರು.

ಗುಬ್ಬಿಗೆ ಕಿವಿಯವರೆಗೂ ಬಿಸಿಯೇರಿತು. ಅವಳು ಮೇಜಿನ ಹತ್ತಿರ ಹೋದಳು, ಆದರೆ ಸಾಲಿನೊಳಗೆ ಸೇರಲಿಲ್ಲ.

"ನಾನು ಅಕೌಂಟ್ಸ್ ತಗೋತಿದೀನಿ," ಎಂದಳು, ಅಕ್ಕನ ಮುಖ ನೋಡದೆ.

"ಅಕೌಂಟ್ಸಾ? ಯಾಕೆ? ನೀನು..."

"ಹೂಂ, ತಗೋತಿದೀನಿ ಅಷ್ಟೇ."

ಮೇಜಿನ ಹಿಂದಿದ್ದ ಮೇಷ್ಟ್ರು ತಲೆಯೆತ್ತಿದರು. ಅವರ ಪೆನ್ನು ಗುಬ್ಬಿಯ ಹೆಸರು ಬರೆಯಲು ಆಗಲೇ ಸಿದ್ಧವಾಗಿತ್ತು. "ಏನಮ್ಮ, ನಮ್ಮ ಈರುಳ್ಳಿ ಬೇಡವಾಯ್ತಾ?" ಎಂದು ಕೇಳಿದರು. ಅವಳು ಹಾಲಿನ ಆ ತುದಿಗೆ ನಡೆದಳು. ಅಲ್ಲಿ ಮೆಣಸಿನಕಾಯಿ ಅವಳಿಗಾಗಿ ಕಾಯುತ್ತಿದ್ದಳು. ನೋಡನೋಡುತ್ತಲೇ ಅಕೌಂಟ್ಸ್ ಮೇಡಂ ಸಹಿ ಹಾಕಿ ಕೊಟ್ಟೂ ಆಯಿತು.

ಆ ಸಂಜೆ ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತ ಅಕ್ಕ ಹೇಳಿದಳು: "ನಿಂಗೆ ಅಕೌಂಟ್ಸ್ ಅಂದ್ರೆ ಅಷ್ಟು ಇಷ್ಟ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು."

"ಇಷ್ಟ ಆಗಿದ್ದೆಲ್ಲ ಡಂಗುರ ಹೊಡ್ಕೊಂಡು ತಿರುಗ್ಬೇಕಾ?"

ಅಕ್ಕ ಮತ್ತೆ ಕೇಳಲಿಲ್ಲ. ಅಪ್ಪ ಒಬ್ಬರಾದ ಮೇಲೊಬ್ಬರನ್ನು ನೋಡಿ ಮೆಲ್ಲಗೆ ಆಯ್ತು ಎಂದ. ಅದರ ಅರ್ಥವನ್ನು ಆ ದಿನ ಅಕ್ಕ ಯಾರಿಗೂ ಹೇಳಲಿಲ್ಲ.

*

ಅಕೌಂಟ್ಸ್ ತರಗತಿ ಗುಬ್ಬಿಯ ಪಾಲಿಗೆ ಮರಳು ಅಗಿದ ಹಾಗಿತ್ತು. ಬಂದದ್ದು ಈ ಕಡೆ, ಹೋದದ್ದು ಆ ಕಡೆ. ಎರಡೂ ಕಡೆ ಸಮ ಬಂದರೆ ಸಂತೋಷ ಪಡಬೇಕಂತೆ. ಅವಳಿಗೆ ಸಮ ಬರುತ್ತಿರಲಿಲ್ಲ, ಬಂದರೂ ಸಂತೋಷವಾಗುತ್ತಿರಲಿಲ್ಲ. ಮೆಣಸಿನಕಾಯಿಗೆ ಎರಡೇ ವಾರದಲ್ಲಿ ಬೇರೆ ಗುಂಪು ಸಿಕ್ಕಿ, ಬೆಂಚಿನ ತುದಿಯಲ್ಲಿ ಗುಬ್ಬಿ ಒಬ್ಬಳೇ ಉಳಿದಳು.

ಮನೆಯಲ್ಲಿ ಮಾತ್ರ ಜೀವಶಾಸ್ತ್ರ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕನಿಗೆ ಗಟ್ಟಿಯಾಗಿ ಓದಿದರೇ ತಲೆಗೆ ಹೋಗುವುದು. ನರ್ಸಿಂಗ್‌ಗೆ ಸೇರಬೇಕೆಂದರೆ ಜೀವಶಾಸ್ತ್ರದ ಕ್ರೆಡಿಟ್ ಇರಲೇಬೇಕು. ಅವಳು ವಾಪಸು ಬಂದದ್ದೇ ಅದಕ್ಕೆ. ಅಪ್ಪನ ಮಂಚದ ಪಕ್ಕ ಕೂತು, ಅವನಿಗೇ ಪಾಠ ಹೇಳುವವಳ ಹಾಗೆ ಓದುತ್ತಿದ್ದಳು. ಎಷ್ಟೋ ವರ್ಷ ಬಿಟ್ಟದ್ದರಿಂದ ಓದು ತಡವರಿಸುತ್ತಿತ್ತು. ಗೋಡೆಯ ಈಚೆ ಕೂತ ಗುಬ್ಬಿ ತನ್ನ ಲೆಕ್ಕ ಬಿಟ್ಟು ಅವಳ ತಪ್ಪುಗಳನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು.

ಒಂದು ದಿನ ಅಕ್ಕ ಒಳಗೆ ಬಂದು ನಿಂತಳು. "ಗುಬ್ಬಿ, ಹೃದಯದ ಚಿತ್ರ ಬರೀಬೇಕು. ನಾನು ಬರೆದ್ರೆ ಆಲೂಗಡ್ಡೆ ಆಗುತ್ತೆ ಕಣೇ. ಒಂದ್ಸಲ ತೋರಿಸ್ತೀಯಾ?"

ತೋರಿಸುತ್ತೇನೆಂದು ಕೂತ ಗುಬ್ಬಿ ಪೂರ್ತಿ ತಾನೇ ಬರೆದುಬಿಟ್ಟಳು. ನಾಲ್ಕು ಕೋಣೆ, ಬಾಗಿಲಿನಂತೆ ತೆರೆದು ಮುಚ್ಚುವ ಕವಾಟಗಳು, ಕೆಂಪು ನೀಲಿ ನಾಳಗಳು. ಬರೆಯುವಷ್ಟು ಹೊತ್ತೂ ಅವಳಿಗೆ ಮನೆಯ ನೆನಪಿರಲಿಲ್ಲ, ಶಾಲೆಯ ನೆನಪಿರಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಚಿತ್ರವನ್ನು ನೋಡಲಿಲ್ಲ, ತಂಗಿಯ ಮುಖವನ್ನೇ ನೋಡುತ್ತಿದ್ದಳು.

ಮಾರನೇ ದಿನ ಮೇಷ್ಟ್ರು ಚಿತ್ರವನ್ನು ಹೊಗಳಿದಾಗ ಅಕ್ಕ ಎದ್ದು ನಿಂತು, "ನಂದಲ್ಲ ಸಾರ್, ನನ್ನ ತಂಗಿ ಬರೆದದ್ದು," ಎಂದುಬಿಟ್ಟಳು. ಸುಳ್ಳು ಹೇಳಲು ಬಾರದ ಪ್ರಾಣಿ. ಮೇಷ್ಟ್ರು ಬಿಡುವಿನಲ್ಲಿ ಗುಬ್ಬಿಯನ್ನು ಹುಡುಕಿಕೊಂಡು ಬಂದು ಕೈಗೊಂದು ಅರ್ಜಿ ಕೊಟ್ಟರು. "ತಿಂಗಳು ಇನ್ನೂ ಮುಗಿದಿಲ್ಲ. ಮನೆಯವರ ಸಹಿ ಹಾಕಿಸಿ ನಾಳೆ ಆಫೀಸಿಗೆ ಕೊಡು. ನಾಳೆಯೇ ಕೊನೆ ದಿನ, ಮರೀಬೇಡ."

ಅಂದು ಸಂಜೆ ಗುಬ್ಬಿ ಆ ಕಾಗದ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಮೆಣಸಿನಕಾಯಿಯಂತೂ ಕೈಬಿಟ್ಟಿದ್ದಳು, ಯಾರ ನಗುವಿಗೆ ಹೆದರಿ ಹೋದಳೋ ಅವರಿಗೇ ಅವಳು ಬೇಕಾಗಿರಲಿಲ್ಲ. ಹೋಗೋಣ ಎಂದುಕೊಂಡಳು. ಅಕ್ಕನ ಪಕ್ಕದಲ್ಲೇ ಕೂರೋಣ, ಏನೀಗ? ಹಾಗೆಂದುಕೊಂಡಾಗ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಆದರೆ ಅಮ್ಮ ಆ ರಾತ್ರಿ ಯಾರದೋ ಬದಲಿಗೆ ಎರಡನೇ ಪಾಳಿಯನ್ನೂ ಮಾಡಿ, ಬಂದವಳೇ ನಿದ್ದೆ ಹೋದಳು. ಬೆಳಗಿನ ಪಾಳಿಗೂ ಕರೆ ಬಂದು, ಗುಬ್ಬಿ ಏಳುವಷ್ಟರಲ್ಲಿ ಮತ್ತೆ ಕೆಲಸಕ್ಕೆ ಹೋಗಿಯಾಗಿತ್ತು. ಅಪ್ಪನ ಹತ್ತಿರ ಅಜ್ಜಿ ಬಂದು ಕೂತಿದ್ದರು.

"ಕೊಡು ಇಲ್ಲಿ ಅದನ್ನ," ಎಂದಳು ಅಕ್ಕ. "ಮಧ್ಯಾಹ್ನ ಭಾಷೆ ಪಾಠದ ಹೊತ್ತಿಗೆ ನಂಗೆ ಹೇಗೂ ಬಿಡುವು. ಅಪ್ಪಂಗೆ ಊಟ ಮಾಡಿಸಿ, ಹಾಗೇ ಲಾಂಡ್ರಿಗೆ ಓಡಿಹೋಗಿ ಅಮ್ಮನ ಸಹಿ ಹಾಕಿಸ್ಕೊಂಡು ಬರ್ತೀನಿ. ನೀನು ಆಫೀಸಿನ ಹತ್ರ ನಿಂತಿರು."

*

ಮಧ್ಯಾಹ್ನ ಗುಬ್ಬಿ ಆಫೀಸಿನ ಮುಂದಿನ ಪಡಸಾಲೆಯಲ್ಲಿ ನಿಂತಿದ್ದಳು. ಅದೇ ಹೊತ್ತಿಗೆ ಮೆಣಸಿನಕಾಯಿ ತನ್ನ ಹೊಸ ಗುಂಪಿನ ಜೊತೆ ಆ ಕಡೆ ಬಂದಳು. ಅವರಲ್ಲಿ ಬೇರೆ ಶಾಲೆಯಿಂದ ಬಂದ ಹುಡುಗಿಯೊಬ್ಬಳಿದ್ದಳು. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು. ಅವಳು ಗುಬ್ಬಿಯ ಹತ್ತಿರ ನಿಂತು ಸ್ನೇಹದಿಂದಲೇ ಕೇಳಿದಳು:

"ಬಯಾಲಜಿ ಕ್ಲಾಸಲ್ಲಿ ದೊಡ್ಡೋರು ಒಬ್ಬರು ಇದಾರಲ್ಲ, ಎಲ್ಲರೂ ಆಂಟಿ ಅಂತಾರಲ್ಲ, ಅವರು ನಿಮ್ಮ ಅಕ್ಕ ಅಂತೆ ಹೌದಾ?"

ಮೆಣಸಿನಕಾಯಿ ತುಟಿ ಕಚ್ಚಿ ನಗು ತಡೆದುಕೊಂಡು ನಿಂತಿದ್ದಳು.

"ಛೇ, ಅಲ್ಲ," ಎಂದಳು ಗುಬ್ಬಿ. ಅಲ್ಲಿಗೆ ನಿಲ್ಲಿಸಬಹುದಿತ್ತು. "ದೂರದ ಸಂಬಂಧ. ನಮ್ಮನೇಲಿ ಕೆಲಸಕ್ಕೆ ಸಹಾಯ ಮಾಡ್ಕೊಂಡು ಇದಾರೆ."

ಹೇಳಿ ತಿರುಗಿದಳು. ಅಕ್ಕ ಕಂಬದ ಪಕ್ಕದಲ್ಲಿ ನಿಂತಿದ್ದಳು. ಓಡಿ ಬಂದದ್ದರಿಂದ ಏದುಸಿರು ಬಿಡುತ್ತಿದ್ದಳು, ಹಣೆಯ ಕೂದಲು ಬೆವರಿಗೆ ಅಂಟಿತ್ತು. ಕೈಯಲ್ಲಿ ಅರ್ಜಿ. ಲಾಂಡ್ರಿಯ ಹಬೆಗೆ ಕಾಗದ ಸ್ವಲ್ಪ ಮೆತ್ತಗಾಗಿತ್ತು.

ಅವಳು ಮುಂದೆ ಬಂದು ಅರ್ಜಿಯನ್ನು ಗುಬ್ಬಿಗೆ ಕೊಟ್ಟು, "ಸಹಿ ಆಗಿದೆ ನೋಡಿ," ಎಂದಳು. ತಂಗಿಗೆ 'ನೋಡಿ' ಎಂದಳು, ಮನೆಯಲ್ಲಿ ಕೆಲಸಕ್ಕಿರುವವರು ಹೇಳುವ ಹಾಗೆ. ಆಮೇಲೆ ಮೆಟ್ಟಿಲಿಳಿದು ತರಗತಿಯ ಕಡೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗುಬ್ಬಿ ಅಲ್ಲೇ ನಿಂತಿದ್ದಳು. ಹುಡುಗಿಯರು ಹೋದರು. ಗಂಟೆ ಹೊಡೆಯಿತು. ಆಫೀಸಿನ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿ ತೆರೆದೇ ಇತ್ತು. ಒಳಗೆ ಗುಮಾಸ್ತ ಟೀ ಕುಡಿಯುತ್ತ ಕೂತಿದ್ದ. ಅರ್ಜಿ ಕೊಟ್ಟರೆ ನಾಳೆಯಿಂದ ಆ ತರಗತಿಗೆ ಹೋಗಬೇಕು. ಹೋಗಿ ಎಲ್ಲಿ ಕೂರುವುದು? ಅಕ್ಕನ ಪಕ್ಕದಲ್ಲಿ ಕೂರುವ ಮುಖ ಇರಲಿಲ್ಲ, ದೂರ ಕೂತರೆ ಆಡಿದ ಮಾತನ್ನು ದಿನವೂ ಮತ್ತೆ ಆಡಿದ ಹಾಗೆ. ಗುಮಾಸ್ತ ಬೀಗ ಹಾಕಿಕೊಂಡು ಹೋಗುವವರೆಗೂ ಅವಳು ಕಂಬಕ್ಕೆ ಒರಗಿ ನಿಂತಿದ್ದು, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕಸದ ಡಬ್ಬಿಗೆ ಹಾಕಿದಳು.

ಅಕ್ಕ ಮನೆಯಲ್ಲಿ ಕೂಗಾಡಬಹುದು, ಅಳಬಹುದು, ಅಮ್ಮನಿಗೆ ಹೇಳಬಹುದು ಎಂದು ಕಾದಳು. ಅಂಥದ್ದೇನೂ ಆಗಲಿಲ್ಲ. ಅಕ್ಕ ಎಂದಿನಂತೆ ಬಡಿಸಿದಳು, ಎಂದಿನಂತೆ ತಂಗಿಯ ಬಟ್ಟೆ ಮಡಚಿಟ್ಟಳು. ಅರ್ಜಿ ಏನಾಯಿತೆಂದು ಕೇಳಲಿಲ್ಲ. ಅಮ್ಮ ಕೇಳಿದಾಗ ಗುಬ್ಬಿ, "ಸೀಟು ಇರ್ಲಿಲ್ಲಮ್ಮ," ಎಂದಳು. ಅಕ್ಕ ತಲೆಯೆತ್ತಲಿಲ್ಲ. ಆದರೆ ಮಾರನೇ ದಿನದಿಂದ ಅವಳು ಶಾಲೆಗೆ ಮೊದಲೇ ಹೊರಡತೊಡಗಿದಳು, ದೊಡ್ಡ ರಸ್ತೆ ಬಿಟ್ಟು ಗೋದಾಮುಗಳ ಹಿಂದಿನ ದಾರಿಯಲ್ಲಿ. ಮತ್ತೆಂದೂ ಚಿತ್ರ ಬರೆದುಕೊಡು ಎಂದು ಕೇಳಲಿಲ್ಲ. ಅವಳ ಪುಸ್ತಕದಲ್ಲಿ ಆಲೂಗಡ್ಡೆಗಳೇ ಸಾಲುಗಟ್ಟಿದವು. ಬರೆದು ಅಳಿಸಿ ಬರೆದು ಕೊನೆಗೆ ಅವಕ್ಕೂ ಒಂದು ಆಕಾರ ಬಂತು.

ಒಂದು ಸಲ ಗುಬ್ಬಿ ಬಾಗಿಲಲ್ಲಿ ನಿಂತು, "ಅಕ್ಕಾ, ಅವತ್ತು..." ಎಂದು ತೊಡಗಿದಳು.

"ಅಪ್ಪನ್ನ ಈ ಕಡೆ ಹೊರಳಿಸ್ಬೇಕು, ಸ್ವಲ್ಪ ಕಾಲು ಹಿಡ್ಕೋ," ಎಂದಳು ಅಕ್ಕ. ಮಾತು ಅಲ್ಲಿಗೆ ಮುಗಿಯಿತು.

ವರ್ಷದ ಕೊನೆಗೆ ಅಕ್ಕ ಎಲ್ಲದರಲ್ಲೂ ಪಾಸಾದಳು, ಜೀವಶಾಸ್ತ್ರದಲ್ಲಿ ಚೆನ್ನಾಗಿಯೇ. ಗುಬ್ಬಿ ಅಕೌಂಟ್ಸಿನಲ್ಲಿ ಗೋಡೆ ಹಿಡಿದುಕೊಂಡು ದಾಟಿದ ಹಾಗೆ ದಾಟಿದಳು.

*

ಎರಡನೇ ವರ್ಷದ ನಡುವೆ ಅಪ್ಪನಿಗೆ ಮತ್ತೆ ಲಕ್ವ ಹೊಡೆಯಿತು. ಈ ಸಲ ಕುರ್ಚಿಯೂ ಇಲ್ಲ, ಆ ಒಂದು ಮಾತೂ ಇಲ್ಲ. ನೀರನ್ನೂ ಚಮಚದಲ್ಲಿ ಹನಿಹನಿಯಾಗಿ ಬಿಡಬೇಕು, ಇಲ್ಲದಿದ್ದರೆ ನೆತ್ತಿಗೇರುತ್ತಿತ್ತು. ಹೊತ್ತುಹೊತ್ತಿಗೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದರು ಡಾಕ್ಟರು. ಪಕ್ಕದ ಮನೆ ಅಜ್ಜಿ ಕೈಮುಗಿದರು: "ನನ್ನನ್ನೇ ಎತ್ತೋಕೆ ಇಬ್ಬರು ಬೇಕು ಮಗಾ, ನಾನು ಅವನನ್ನೆಲ್ಲಿ ಎತ್ತಲಿ?"

ಮನೆಯಲ್ಲಿ ಒಬ್ಬರು ದಿನವಿಡೀ ಇರಲೇಬೇಕಾಯಿತು. ಅಮ್ಮ ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ. ಅಕ್ಕ ಶಾಲೆಗೆ ಹೋಗಿ ಕೌನ್ಸೆಲಿಂಗ್ ಮೇಡಂ ಅವರನ್ನು ಕೇಳಿ ಬಂದಳು: ನಾನೊಂದು ದಿನ, ತಂಗಿಯೊಂದು ದಿನ ಬರಬಹುದಾ? ಮೇಡಂ ಮೆಲ್ಲಗೆ ತಲೆಯಾಡಿಸಿದರಂತೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಬಿಡುವುದಿಲ್ಲ, ಪರೀಕ್ಷೆ ಇಲ್ಲದೆ ಕ್ರೆಡಿಟ್ ಇಲ್ಲ. ಇಬ್ಬರ ಅರ್ಧ ಸೇರಿಸಿ ಒಂದು ಮಾಡಲು ಬರುವುದಿಲ್ಲ, ಇಬ್ಬರದೂ ಹೋಗುತ್ತದೆ.

ಅಮ್ಮ ಒಲೆಯ ಮುಂದೆ ಕೂತು, ಯಾರ ಮುಖವನ್ನೂ ನೋಡದೆ, "ಅಪ್ಪನ್ನ ನೋಡ್ಕೊಳ್ಳೋ ರೀತಿ ನಿಂಗೇ ಗೊತ್ತಿರೋದು ಮಗಳೇ," ಎಂದಳು. ಅದನ್ನು ಹಿರಿಯ ಮಗಳಿಗೆ ಹೇಳಿದ್ದೆಂದು ಮೂವರಿಗೂ ಗೊತ್ತಿತ್ತು. "ಗುಬ್ಬಿಯದು ಇನ್ನರ್ಧ ವರ್ಷ ಅಷ್ಟೇ. ನೀನು ಹೇಗೂ ಒಂದ್ಸಲ..."

"ಇಲ್ಲಮ್ಮ," ಎಂದಳು ಅಕ್ಕ.

ಆ ಮನೆಯಲ್ಲಿ ಅಕ್ಕನ ಬಾಯಿಂದ ಆ ಮಾತು ಅದೇ ಮೊದಲು. ಧ್ವನಿ ಜೋರಿರಲಿಲ್ಲ, ಕೈ ಮಾತ್ರ ಸೆರಗಿನಂಚನ್ನು ತಿರುಚುತ್ತಿತ್ತು.

"ಈ ಸಲ ನಾನು ಬಿಡಲ್ಲ. ಬೈದ್ರೆ ಬೈಯಿ, ಹೊಡೆದ್ರೆ ಹೊಡಿ. ರಾತ್ರಿ ಎಲ್ಲಾ ನಾನೇ ಮಾಡ್ತೀನಿ, ಬೆಳಗಿನ ಜಾವಕ್ಕೆ ಎದ್ದು ಎಲ್ಲಾ ಮಾಡಿಟ್ಟು ಹೋಗ್ತೀನಿ. ಶಾಲೆ ಬಿಡಲ್ಲ. ಬಿಟ್ರೆ ನಾನು ಯಾವತ್ತಿಗೂ ಈ ಮನೆಗೆ ಸಹಾಯ ಮಾಡ್ಕೊಂಡು ಇರೋಳೇ ಆಗ್ತೀನಿ."

ಅಮ್ಮನಿಗೆ ಆ ಕೊನೆಯ ಮಾತಿನ ಬೇರು ತಿಳಿಯಲಿಲ್ಲ. ಗುಬ್ಬಿಗೆ ತಿಳಿಯಿತು.

"ನಾನಿರ್ತೀನಿ," ಎಂದಳು.

ಅಮ್ಮ ಅವಳ ಕಡೆ ತಿರುಗಿದಳು. ಬೇಡ ಎನ್ನುತ್ತಾಳೇನೋ ಎಂದು ಗುಬ್ಬಿ ಒಂದು ಕ್ಷಣ ಕಾದಳು. ಅಮ್ಮ ಎನ್ನಲಿಲ್ಲ. ಅಕ್ಕನೂ ಎನ್ನಲಿಲ್ಲ.

ಶಾಲೆ ಬಿಡುವುದು ಅಷ್ಟು ಸಲೀಸೆಂದು ಗುಬ್ಬಿಗೆ ಗೊತ್ತಿರಲಿಲ್ಲ. ಯಾರೂ ಕರೆಯಲು ಬರಲಿಲ್ಲ. ಜೀವಶಾಸ್ತ್ರದ ಮೇಷ್ಟ್ರು ದಾರಿಯಲ್ಲೊಮ್ಮೆ ಸಿಕ್ಕಿ, ಏನೋ ಹೇಳಲು ಬಾಯಿ ತೆರೆದು, ಔಷಧಿ ಚೀಲ ಹಿಡಿದ ಅವಳ ಕೈ ನೋಡಿ ಮುಂದೆ ನಡೆದರು. ಮೊದಲ ತಿಂಗಳು ಅವಳಿಗೆ ಅಪ್ಪನನ್ನು ಹೊರಳಿಸಲು ಬರುತ್ತಿರಲಿಲ್ಲ. ದಿಂಬು ಸಿಕ್ಕಿಸುವುದು ಎಲ್ಲಿ, ಹಾಸುಬಟ್ಟೆ ಎಳೆಯುವುದು ಹೇಗೆ ಎಂದು ಅಕ್ಕ ಹೇಳಿಕೊಟ್ಟಳು. ಒಳ್ಳೆಯ ಉಪಾಧ್ಯಾಯಿನಿಯಂತೆ, ತಾಳ್ಮೆಯಿಂದ, ಒಂದು ಮಾತೂ ಹೆಚ್ಚಿಲ್ಲದೆ. ಅಪ್ಪ ಗುಬ್ಬಿಯನ್ನೇ ನೋಡುತ್ತಿರುತ್ತಿದ್ದ. ಅವನ ಕಣ್ಣಲ್ಲಿ ನೀರು ಬಂದರೆ ಅದು ಅಳುವೋ, ಸುಮ್ಮನೆ ಇಳಿಯುವ ನೀರೋ ಅವಳಿಗೆ ತಿಳಿಯುತ್ತಿರಲಿಲ್ಲ. ಅಕ್ಕನಿದ್ದಿದ್ದರೆ ಹೇಳುತ್ತಿದ್ದಳು ಎಂದುಕೊಂಡು ಒರೆಸುತ್ತಿದ್ದಳು.

ಅಕ್ಕನ ಕ್ರೆಡಿಟ್ ತುಂಬಿತು. ಸರ್ಟಿಫಿಕೇಟ್ ಬಂದ ತಿಂಗಳಲ್ಲೇ ದೂರದ ಊರಿನ ನರ್ಸಿಂಗ್ ಶಾಲೆಯಲ್ಲಿ ಜಾಗ ಸಿಕ್ಕಿತು. ಹೊರಡುವ ದಿನ ಅವಳು ಅಪ್ಪನ ಹಣೆಗೆ ಹಣೆ ಹಚ್ಚಿ ಬಹಳ ಹೊತ್ತು ಕೂತಿದ್ದಳು. ಗುಬ್ಬಿಗೆ, "ಬರ್ತೀನಿ," ಎಂದಳು. ಬಸ್ ನಿಲ್ದಾಣಕ್ಕೆ ಅಮ್ಮ ಹೋದಳು. ಅಪ್ಪನನ್ನು ಬಿಟ್ಟು ಗುಬ್ಬಿ ಹೋಗುವ ಹಾಗಿರಲಿಲ್ಲ.

*

ಮುಂದಿನ ಚಳಿಗಾಲದಲ್ಲಿ ಅಪ್ಪ ಹೋದ. ಹಗಲು ಹೊತ್ತು, ಗುಬ್ಬಿ ಅವನಿಗೆ ಗಂಜಿ ಕುಡಿಸುತ್ತಿದ್ದಳು. ಒಂದು ಚಮಚ ಒಳಗೆ ಹೋಗದೆ ತುಟಿಯಂಚಿನಿಂದ ಇಳಿಯಿತು. ಅವಳು ಒರೆಸಿ ಇನ್ನೊಂದು ಚಮಚ ಎತ್ತಿದಳು. ಆಮೇಲಷ್ಟೇ ಅವನು ನೋಡುತ್ತಿಲ್ಲ ಎಂದು ಗೊತ್ತಾಯಿತು.

ಅಕ್ಕ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಅವಳು ಬಾಗಿಲಲ್ಲೇ ಕುಸಿದು ಕೂತು ಅತ್ತಳು. ಎರಡು ದಿನ ಬಿಟ್ಟು, ಬಂದವರೆಲ್ಲ ಹೋದ ಮೇಲೆ, ಅಕ್ಕತಂಗಿಯರಿಬ್ಬರೂ ಅಪ್ಪನ ಹಾಸುಬಟ್ಟೆಗಳನ್ನು ಒಗೆದು ತಾರಸಿಯ ಮೇಲೆ ಹಿಂಡುತ್ತ ನಿಂತರು. ಒಂದು ತುದಿ ಇವಳ ಕೈಯಲ್ಲಿ, ಒಂದು ತುದಿ ಅವಳ ಕೈಯಲ್ಲಿ.

"ಅವನ ಬೆನ್ನಲ್ಲಿ ಒಂದು ಹುಣ್ಣೂ ಇರ್ಲಿಲ್ಲವಂತೆ," ಎಂದಳು ಅಕ್ಕ. "ಅಮ್ಮ ಹೇಳಿದ್ಲು. ನಮ್ಮ ಆಸ್ಪತ್ರೆಯಲ್ಲೂ ಅಷ್ಟು ಚೆನ್ನಾಗಿ ನೋಡ್ಕೊಳ್ಳಲ್ಲ."

ಗುಬ್ಬಿ ಬಟ್ಟೆ ತಿರುಚುತ್ತಲೇ ಕೇಳಿದಳು: "ಅಕ್ಕಾ, ಅವತ್ತು ನಾನು ಹೇಳಿದ್ದು ನಿಂಗೆ ಪೂರ್ತಿ ಕೇಳಿಸಿತ್ತಾ?"

"ಪೂರ್ತಿ."

"ಯಾಕೆ ಒಂದು ಮಾತೂ ಬೈಲಿಲ್ಲ?"

ಅಕ್ಕ ಬಟ್ಟೆಯನ್ನು ಕೊಡವಿ ಹಗ್ಗದ ಮೇಲೆ ಹರವಿದಳು.

"ಬೈದಿದ್ರೆ ಸಿಟ್ಟು ಇಳಿದುಹೋಗ್ತಿತ್ತು. ಅದು ಇಳೀಬಾರದಿತ್ತು ನಂಗೆ. ಅಪ್ಪಂಗೆ ಎರಡನೇ ಸಲ ಆದಾಗ ಅಮ್ಮ ಅಷ್ಟು ಮೆತ್ತಗೆ ಕೇಳಿದ್ಲಲ್ಲ, ನಂಗೆ ಹೂಂ ಅನ್ನೋಕೆ ಬಾಯಿವರೆಗೂ ಬಂದಿತ್ತು. ಆಗ ನಿನ್ನ ಮಾತು ನೆನಪಾಯ್ತು. ನೀನು ಅದನ್ನ ಹೇಳದೇ ಇದ್ದಿದ್ರೆ ನಾನು ಉಳಿದುಬಿಡ್ತಿದ್ದೆ ಗುಬ್ಬಿ. ನೀನು ಓದು ಮುಗಿಸ್ತಿದ್ದೆ."

ಕೆಳಗೆ ಬೀದಿಯಲ್ಲಿ ಯಾವುದೋ ಬಸ್ಸು ಬ್ರೇಕು ಹಾಕಿ ಮತ್ತೆ ಹೊರಟಿತು.

"ಕ್ಷಮಿಸಿದೀಯಾ?"

"ಗೊತ್ತಿಲ್ಲ ಕಣೇ," ಎಂದಳು ಅಕ್ಕ. "ಅಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬಳೇ ಕೂತಾಗ ಕೆಲವು ದಿನ ನಿನ್ನ ಮೇಲೆ ತುಂಬ ಪ್ರೀತಿ ಬರುತ್ತೆ. ಕೆಲವು ದಿನ ಆ ಕಂಬದ ಹತ್ರವೇ ಇರ್ತೀನಿ."

ಆ ವಾರದ ಕೊನೆಗೆ ಅವಳು ವಾಪಸು ಹೋದಳು. ಈ ಸಲ ಗುಬ್ಬಿ ಬಸ್ಸಿನವರೆಗೂ ಹೋಗಿ ಚೀಲ ಹತ್ತಿಸಿದಳು. ಬಸ್ಸು ಹೊರಟಾಗ ಅಕ್ಕ ಕಿಟಕಿಯಿಂದ ಕೈ ಚಾಚಿ ಅವಳ ತಲೆ ಮುಟ್ಟಿದಳು.

ವಿಷಯ ಆರಿಸಿಕೊಳ್ಳುವ ಸಮಯ ಮತ್ತೆ ಬಂದಾಗ ಗುಬ್ಬಿ ಶಾಲೆಗೆ ಹೋದಳು. ಕೌನ್ಸೆಲಿಂಗ್ ಮೇಡಂ ಅವಳನ್ನು ಗುರುತು ಹಿಡಿದು ಕೂರಿಸಿಕೊಂಡರು.

"ಮೊದಲನೇ ವರ್ಷದ ಕ್ರೆಡಿಟ್ ಎಲ್ಲಾ ಹಾಗೇ ಇದೆ. ಎಲ್ಲೂ ಹೋಗಲ್ಲ ಅವು. ಈ ವರ್ಷದಿಂದ ಸಂಜೆ ತರಗತಿಯೂ ಶುರುವಾಗಿದೆ."

"ಮೇಡಂ, ಈಗ ವಿಷಯ ಬದಲಾಯಿಸಬಹುದಾ? ಬಯಾಲಜಿ ಮೊದಲಿಂದ ತಗೋತೀನಿ. ಎರಡು ವರ್ಷ ಆದ್ರೂ ಪರವಾಗಿಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಷ್ಟ್ರು ಹೋದ ವರ್ಷ ನಿವೃತ್ತರಾದರಂತೆ. ಅವರ ಜಾಗಕ್ಕೆ ಯಾರನ್ನೂ ಕೊಡಲಿಲ್ಲ. ಸೇರುವ ಮಕ್ಕಳೂ ಸಾಲದೆ ವಿಷಯವನ್ನೇ ಮುಚ್ಚಿದ್ದಾರೆ. ಲ್ಯಾಬಿನಲ್ಲಿ ಈಗ ಮುರಿದ ಕುರ್ಚಿಗಳನ್ನು ತುಂಬಿದ್ದಾರೆ.

"ಊರಾಚೆಯ ಶಾಲೆಯಲ್ಲಿ ಇದೆ," ಎಂದರು. "ಆದ್ರೆ ಅದು ಹಗಲು ಮಾತ್ರ. ಹೋಗಿಬರೋಕಾಗುತ್ತಾ?"

ಆಗುವ ಹಾಗಿರಲಿಲ್ಲ. ಅಮ್ಮನ ಮೊಣಕೈ ಹಬೆ ಇಸ್ತ್ರಿಯ ಕೆಲಸಕ್ಕೆ ಬಗ್ಗುತ್ತಿರಲಿಲ್ಲ, ಹಾಗಾಗಿ ಗುಬ್ಬಿ ಆಗಲೇ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದ್ದಳು. ಅಕೌಂಟ್ಸ್ ಓದಿದವಳೆಂದೇ ಅಲ್ಲಿ ತೆಗೆದುಕೊಂಡಿದ್ದರು. ಅವಳು ಸಂಜೆ ತರಗತಿಗೆ ಸೇರಿ, ಬಿಟ್ಟಿದ್ದನ್ನೇ ಮತ್ತೆ ಹಿಡಿದು, ಆ ವರ್ಷ ಮುಗಿಸಿದಳು. ಅಂಗಡಿಯ ಮೊಳೆ, ಬೋಲ್ಟುಗಳ ಲೆಕ್ಕ ಮಾಡೀ ಮಾಡೀ ಈಗ ಅವಳಿಗೆ ಎರಡೂ ಕಡೆ ಸಮ ಬರುತ್ತಿತ್ತು.

ಸರ್ಟಿಫಿಕೇಟ್ ಬಂದ ಸಂಜೆ ಅಮ್ಮ ಕೈ ಒರೆಸಿಕೊಂಡು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದೊಂದು ವಿಷಯದ ಮೇಲೂ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು. ಕೊನೆಯ ಸಾಲಿಗೆ ಬಂದ ಮೇಲೆ ಮತ್ತೆ ಮೊದಲಿಂದ ನೋಡಿದಳು.

"ಇದರಲ್ಲಿ ನಿಂಗೆ ಯಾವುದು ಇಷ್ಟ ಇತ್ತು ಮಗಳೇ?"

"ಯಾವುದೂ ಇಲ್ಲಮ್ಮ," ಎಂದಳು ಗುಬ್ಬಿ.

ಅಮ್ಮ ಕಾಗದವನ್ನು ಮಡಚಲಿಲ್ಲ, ಎತ್ತಿಡಲೂ ಇಲ್ಲ. ಹೊರಗೆ ಬೆಳಕು ಹೋಯಿತು. ಆಮೇಲೆ ಗುಬ್ಬಿ ಎದ್ದು ದೀಪ ಹಾಕಿ, ನಾಳೆಗೆ ಅಮ್ಮನ ಮೊಣಕೈಗೆ ಕಟ್ಟುವ ಪಟ್ಟಿಯನ್ನು ಸುತ್ತಿಡತೊಡಗಿದಳು.